ಕಳಿಸದೆ ಉಳಿದ ಬ್ಯಾಜು

ಬಿಎಸ್ಸಿ ಮುಗಿಸಿ ಮಠ ಸೇರಿದ್ದ ಗುರುಶಾಂತ ಒಂದು ಬೆಳಿಗ್ಗೆ ಗುರುಗಳನ್ನು ಕೇಳಿದ: "ಬುದ್ಧೀ, ನೋಡುವವನಿಲ್ಲದೆ ನೋಟವಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಅಳೆಯುವ ತನಕ ಕಣ ಅಲ್ಲಿದೆ, ಇಲ್ಲಿದೆ ಎನ್ನಲು ಬಾರದು ಎಂದು ಈಗ ಭೌತವಿಜ್ಞಾನವೂ ಹೇಳುತ್ತಿದೆ. ಎರಡೂ ಒಂದೇ ಅಲ್ಲವೇ? ನಾಳೆಯ ಪ್ರವಚನದಲ್ಲಿ ಇದನ್ನು ಹೇಳಲೇ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಕೂತುಕೋ. ಅವಸರ ಮಾಡಬೇಡ. ಒಂದು ಊರಿನ ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಯುವವನೊಬ್ಬನಿದ್ದ. ಅವನ ಕೈಕೆಳಗೆ ಒಬ್ಬಳು ಆಯಾ. ಅಳುವ ಕೂಸುಗಳು ಯಂತ್ರದ ಕೆಳಗೆ ಅಲ್ಲಾಡದಂತೆ ಹಿಡಿದುಕೊಳ್ಳುವುದು ಅವಳ ಕೆಲಸ. ಆ ಕೋಣೆಯಲ್ಲಿ ದುಡಿಯುವವರು ಎದೆಗೆ ಒಂದು ಬ್ಯಾಜು ಸಿಕ್ಕಿಸಿಕೊಳ್ಳಬೇಕು. ಮೈಗೆ ಎಷ್ಟು ಕಿರಣ ತಗಲಿತು ಎಂಬುದು ಅದರೊಳಗೆ ಸೇರುತ್ತಾ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಪಟ್ಟಣಕ್ಕೆ ಕಳಿಸಿದರೆ ಅಲ್ಲಿಯವರು ಓದಿ ವರದಿ ಬರೆಯುತ್ತಾರೆ.

ಒಂದು ಸಲ ಆಯಾಳ ವರದಿಯಲ್ಲಿ ಮಿತಿ ಮೀರುತ್ತಾ ಬಂದಿದೆ ಎಂದಿತ್ತು. ಇನ್ನೊಮ್ಮೆ ಹೀಗೇ ಬಂದರೆ ಅವಳನ್ನು ಆ ಕೋಣೆಯಿಂದ ತೆಗೆಯಬೇಕು. ತೆಗೆದರೆ ಕೂಸುಗಳನ್ನು ಹಿಡಿಯುವವರಿಲ್ಲ. ಅವಳ ಹೊಟ್ಟೆಗೂ ಬೇರೆ ದಾರಿಯಿಲ್ಲ. ಅವನಿಗೆ ಊಟ ಸೇರದಾಯಿತು. ಅಂಥ ದಿನಗಳಲ್ಲೇ ಒಂದು ಪ್ರವಚನಕ್ಕೆ ಹೋದ. ನೀನು ಈಗ ಹೇಳಿದೆಯಲ್ಲ, ಅದೇ ಮಾತು ಅಲ್ಲಿ ಅವನ ಕಿವಿಗೆ ಬಿತ್ತು. ಜೀವಕ್ಕೆ ಹಾಯೆನಿಸಿತು. ಓದುವ ತನಕ ಬ್ಯಾಜಿನಲ್ಲಿರುವುದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂದುಕೊಂಡ. ಅವಳ ಬ್ಯಾಜನ್ನು ಪಟ್ಟಣಕ್ಕೆ ಕಳಿಸುವುದನ್ನೇ ಬಿಟ್ಟ. ಓದು ಬಾರದವನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ, ನೋಡು. ಹೆದರಿಯಾದರೂ ಕಳಿಸುತ್ತಿದ್ದ.

ಮೂರು ವರ್ಷ ಅವಳು ಅದೇ ಬ್ಯಾಜು ಸಿಕ್ಕಿಸಿಕೊಂಡು ಕೂಸುಗಳನ್ನು ಹಿಡಿದಳು. ಬೆರಳ ತುದಿ ಬಿರಿಯತೊಡಗಿದಾಗ ಒಮ್ಮೆ ಕೇಳಿದಳು:

"ಸಾರ್, ನನ್ನ ಬ್ಯಾಜಲ್ಲಿ ಏನು ಬಂತು?"

"ನೋಡಿಸಿಲ್ಲ ಆಯಮ್ಮ. ನೋಡದೇ ಇರೋದು ಇನ್ನೂ ಆಗೇ ಇಲ್ಲ ಅಂತ ದೊಡ್ಡವರೇ ಹೇಳ್ತಾರೆ."

ದೊಡ್ಡವರು ಎಂದ ಮೇಲೆ ಅವಳಿಗೆ ಇನ್ನೇನು? ನಂಬಿದಳು. ಮರುದಿನವೂ ಕೆಲಸಕ್ಕೆ ಬಂದಳು.

ಆಮೇಲೆ ರಕ್ತದ ಕ್ಯಾನ್ಸರ್ ಬಂದು ಸತ್ತಳು. ನಲವತ್ತೂ ಆಗಿರಲಿಲ್ಲ. ಮಣ್ಣು ಮಾಡಿ ಬಂದವನು ಆ ಬ್ಯಾಜನ್ನು ಪಟ್ಟಣಕ್ಕೆ ಕಳಿಸಿದ. ವರದಿ ಬಂತು. ಯಾರೂ ಓದದಿದ್ದರೂ ಬ್ಯಾಜು ಒಂದು ದಿನವನ್ನೂ ಬಿಡದೆ ಎಲ್ಲವನ್ನೂ ತುಂಬಿಕೊಂಡಿತ್ತು. ಅಳೆಯುವುದಕ್ಕೆ ಮನುಷ್ಯನ ಕಣ್ಣೇ ಬೇಕೆಂದು ವಿಜ್ಞಾನ ಎಲ್ಲಿ ಹೇಳಿತ್ತು? ನಮ್ಮ ಹಿರಿಯರು ಹೇಳಿದ್ದಂತೂ ತನ್ನನ್ನು ತಾನು ನೋಡಿಕೊಳ್ಳುವ ಮಾತು. ಆ ಪ್ರವಚನದಲ್ಲಿ ಎರಡನ್ನೂ ಸೇರಿಸಿ ಒಂದೇ ಗಂಟು ಕಟ್ಟಿಕೊಟ್ಟರು. ಅವನು ಕಣ್ಣುಮುಚ್ಚಿ ಹೊತ್ತುಕೊಂಡು ಹೋದ. ಸತ್ತವಳು ಆ ಹೆಣ್ಣುಮಗಳು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಗುರುಶಾಂತನಿಗೆ ಸಿಟ್ಟು ಬಂದಿತ್ತು.

"ಅರ್ಧಂಬರ್ಧ ತಿಳಿದು ಜನರ ತಲೆ ಕೆಡಿಸುವಂಥವರನ್ನು ಗದ್ದುಗೆಯ ಮೇಲೆ ಕೂರಿಸಲೇಬಾರದು, ಬುದ್ಧೀ. ಆ ಪ್ರವಚನ ಮಾಡಿದವರು ಯಾರು?"

"ನಾನೇ ಕಣಪ್ಪ; ಅವತ್ತು ಸಭೆಯೆಲ್ಲ ಚಪ್ಪಾಳೆ ತಟ್ಟಿತ್ತು."