ಏಳು ಗಂಟಿನ ಮರ್ಯಾದೆ

ಭುಜಂಗ ಮೇಷ್ಟ್ರು ಕಾರಿನ ಹಿಂದೆ, ಚಕ್ರದ ಮೇಲಿನ ಪುಟ್ಟ ಮನೆಯಂಥ ಮನೆಗಾಡಿಯನ್ನು ಸಿಕ್ಕಿಸಿ, ಸಂಸಾರ ಸಮೇತ ಸಮುದ್ರ ನೋಡಲು ಹೊರಟರು. ಮನೆಯ ಮೂರು ಸೈಕಲ್‌ಗಳನ್ನು ಒಂದಕ್ಕೊಂದು ಆನಿಸಿ ಮನೆಗಾಡಿಯ ಬೆನ್ನಿಗೆ ಕಟ್ಟಬೇಕಿತ್ತು.

"ಮೊದಲ ಮರ್ಯಾದೆ ಹಿರಿಯರಿಗೆ!" ಎಂದಿತು ಮೇಷ್ಟ್ರ ಕರಿಯ ಸೈಕಲ್.

"ಮೊದಲು ಹತ್ತಿದವರು ಎಲ್ಲರಿಗಿಂತ ಒಳಬದಿಗೆ ಸೇರುತ್ತಾರೆ, ಯೋಚಿಸಿ ಸ್ವಾಮೀ," ಎಂದಿತು ಮನೆಗಾಡಿ.

"ನಿನ್ನೆ ಮೊನ್ನೆ ಬಂದ ನೀನು ನನಗೆ ಬುದ್ಧಿ ಹೇಳುತ್ತೀಯಾ?" ಎಂದು ಗದರಿದ ಕರಿಯ ಸೈಕಲ್ ಬೇಕೆಂದೇ ಮೇಷ್ಟ್ರ ಕಾಲ ಮೇಲೆ ಬಿತ್ತು. ಅವರು ಗೊಣಗುತ್ತಾ ಅದನ್ನೇ ಮೊದಲು ಎತ್ತಿ, ಅದರ ಮುಖವನ್ನು ಮನೆಗಾಡಿಯ ಬಿಳಿ ತಗಡಿಗೆ ಒತ್ತಿ, ಏಳು ಗಂಟು ಬಿಗಿದರು. ಅಷ್ಟರಲ್ಲಿ ಹಗ್ಗ ಮುಗಿಯುತ್ತಾ ಬಂದಿದ್ದರಿಂದ ಹೆಂಡತಿಯ ಸೈಕಲ್ಲಿಗೂ ಮಗಳ ಪುಟ್ಟ ಸೈಕಲ್ಲಿಗೂ ಒಂದೊಂದೇ ಗಂಟು ಸಿಕ್ಕಿತು. ಕರಿಯ ಸೈಕಲ್ ದಾರಿಯುದ್ದಕ್ಕೂ ಬೀಗಿತು.

ಕಡಲ ದಂಡೆಯಲ್ಲಿ ಹೊರಗಿನ ಎರಡೂ ಸೈಕಲ್ ಚಕ್ಕನೆ ಇಳಿದು, ತಾಯಿ ಮಗಳನ್ನು ಹೊತ್ತು ಓಡಿದವು. ಏಳು ಗಂಟಿನ ಜೊತೆ ಗುದ್ದಾಡಿ ಉಗುರು ಕಿತ್ತುಕೊಂಡ ಮೇಷ್ಟ್ರು, "ಹಗ್ಗ ಕೊಯ್ದರೆ ವಾಪಸ್ ಕಟ್ಟೋದು ಯಾವುದರಲ್ಲಿ? ಹಾಳಾಗಿ ಹೋಗಲಿ!" ಎಂದು ಪಂಚೆ ಎತ್ತಿ ಕಟ್ಟಿ ನಡೆದೇ ಹೊರಟರು.

"ದೊಡ್ಡಪ್ಪಾ, ನೀವು ಬರಲ್ವಾ?" ಎಂದು ಪುಟ್ಟ ಸೈಕಲ್ ಕೂಗಿತು.

"ಕಂಡಕಂಡಲ್ಲಿ ಅಲೆಯುವುದು ಹಿರಿಯರಿಗೆ ಶೋಭಿಸದು," ಎಂದು ತಗಡಿನ ಕಡೆಯಿಂದ ಉತ್ತರ ಬಂತು.

ಮೂರು ದಿನದ ಮೇಲೆ ಮನೆಗೆ ಬಂದು, ಕುಡುಗೋಲಿನಿಂದ ಹಗ್ಗ ಕೊಯ್ದು ಇಳಿಸಿದಾಗ ಅಂಗಳದ ಹಳೆಯ ಸ್ಕೂಟರ್ ಕೇಳಿತು: "ಅಣ್ಣಾ, ಸಮುದ್ರ ಹೇಗಿತ್ತು?"

ಕರಿಯ ಸೈಕಲ್ ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡು ಗಂಭೀರವಾಗಿ ಹೇಳಿತು: "ಬೆಳ್ಳಗಿತ್ತು ತಮ್ಮಾ. ಬಲು ಚಪ್ಪಟೆ. ನಡುನಡುವೆ ಹನ್ನೆರಡು ಸ್ಕ್ರೂ."