ನೀರು ಸಂಜೆಗೆ ಬರುತ್ತದೆ

ಹೊಳೆಯ ದಂಡೆಯ ಮೇಲೆ ಒಂದು ಮಠ. ಮಠದಲ್ಲಿ ಇದ್ದವರು ಇಬ್ಬರೇ: ಗುರು ನಿರುಪಾಧಿ ಅಜ್ಜ, ಶಿಷ್ಯ ಕಲ್ಲಿನಾಥ.

ಮೇಲಿನ ಡ್ಯಾಮಿನಿಂದ ನೀರು ಬಿಟ್ಟಾಗ, ಹೊಳೆಯ ಮರಳಿನಲ್ಲಿ ಇರುವವರಿಗೆ ಸುದ್ದಿ ಮುಟ್ಟಿಸುವುದು ಆ ಮಠದ ಕೆಲಸ. ಹಿಂದೆಲ್ಲ ನಗಾರಿ ಬಾರಿಸುತ್ತಿದ್ದರು. ಈಗ ದಂಡೆಗೆ ಕಲ್ಲು ಒಡೆಯುವ ಮಷೀನು ಬಂದು ಕೂತಿದೆ. ಅದರ ಗದ್ದಲದಲ್ಲಿ ನಗಾರಿಯ ಸದ್ದು ಮಠದ ಮೆಟ್ಟಿಲು ಇಳಿಯುವುದಿಲ್ಲ. ಅದಕ್ಕೇ ಒಬ್ಬ ಭಕ್ತ ಕಂಪ್ಯೂಟರ್ ತಂದಿಟ್ಟು, ಸುದ್ದಿಯನ್ನು ಎಲ್ಲರ ಫೋನಿಗೂ ಓದಿ ಹೇಳುವ ವ್ಯವಸ್ಥೆ ಮಾಡಿಕೊಟ್ಟಿದ್ದ.

ಮಠಕ್ಕೆ ಒಂದು ರೂಢಿಯೂ ಇತ್ತು. ಗುರು ಒಂದು ಕೆಲಸ ಹೇಳಿದರೆ ಶಿಷ್ಯ ಕೈಯನ್ನು ತಲೆಗೆ ಮುಟ್ಟಿಸಿ "ಅಪ್ಪಣೆ" ಅನ್ನಬೇಕು. ಆಮೇಲೆ ಆ ಕೆಲಸ ಮುಗಿಯುವವರೆಗೆ ತುಟಿ ಬಿಚ್ಚುವಂತಿಲ್ಲ.

ಕಲ್ಲಿನಾಥ ಈ ರೂಢಿಯಲ್ಲಿ ಪಕ್ಕಾ. ಒಲೆಗೆ ಕಟ್ಟಿಗೆ ಹಾಕುವಾಗ ಒಮ್ಮೆ ಪಂಚೆಗೆ ಕಿಡಿ ಹತ್ತಿತ್ತು. ಕೊನೆಯ ಕಟ್ಟಿಗೆ ಒಳಗೆ ತಳ್ಳಿದ ಮೇಲೆಯೇ ಅವನು "ಅಯ್ಯೋ" ಅಂದದ್ದು.

ಅವನಿಗೆ ಗುರುವಿನ ಸಿಟ್ಟಿನ ಭಯ. ಆ ಸಿಟ್ಟನ್ನು ಅವನು ಕಂಡದ್ದೇ ಇಲ್ಲ. ಕಾಣದ್ದಕ್ಕೆ ಭಯ ಹೆಚ್ಚು. ಅದರ ಮೇಲೆ ಈಗ ಕಂಪ್ಯೂಟರಿನ ಭಯವೂ ಸೇರಿಕೊಂಡಿತ್ತು.

ಅಜ್ಜ ಸನ್ಯಾಸಕ್ಕೆ ಮೊದಲು ತಾರ್ ಆಫೀಸಿನಲ್ಲಿ ಟಕಟಕ ಕುಟ್ಟಿದವರು. ಯಂತ್ರದ ಬಗ್ಗೆ ಅವರಿಗೆ ಅಂಜಿಕೆ ಇಲ್ಲ. ಆದರೆ ಕಣ್ಣಿನ ಆಪರೇಷನ್ ಆದ ಮೇಲೂ ಅಕ್ಷರ ಮಸಕು. ಶಿಷ್ಯನನ್ನೇ ಕೂರಿಸಿಕೊಂಡು ಕಲಿಸಿದರು.

"ಪೈಥಾನ್ ಅಂತ ಹೊಡಿ, ಯಂತ್ರದ ಭಾಷಾದ ಹೆಸರದು. ಎಂಟರ್ ಒತ್ತು."

ಕರಿ ಪರದೆಯ ಮೇಲೆ ಮೂರು ಬಾಣದ ಮೊನೆಗಳು ಮೂಡಿದವು. ಪಕ್ಕದಲ್ಲಿ ಒಂದು ಗೆರೆ ಮಿಟುಕತೊಡಗಿತು.

"ಏನ ಮಾಡಾಕತ್ತೇತ್ರಿ ಅದು?"

"ಕಾಯಾಕತ್ತೇತಿ."

"ಯಾರನ್ನ?"

"ನಿನ್ನ."

ಕಲ್ಲಿನಾಥ ಕುರ್ಚಿಯನ್ನು ಒಂದು ಗೇಣು ಹಿಂದೆ ಎಳೆದುಕೊಂಡ.

"ಇದಕ ಇಂಟರ್‌ಪ್ರಿಟರ್ ಅಂತಾರ," ಅಂದರು ಅಜ್ಜ. "ನೀ ಒಂದ ಸಾಲು ಹೇಳಿದ್ರ ಅಷ್ಟು ಮಾಡತೈತಿ. ಇನ್ನೊಂದ ಹೇಳಿದ್ರ ಇನ್ನಷ್ಟು. ಪೂರ್ತಿ ಕಥಿ ಕೇಳಿ ವಿಚಾರ ಮಾಡೋಣು ಅಂತ ಕುಂದ್ರಂಗಿಲ್ಲ. ಏನಾರ ಹೊಡಿ."

ಮೊದಲ ಭೇಟಿ, ಮರ್ಯಾದೆ ಇರಲಿ ಎಂದು ಕಲ್ಲಿನಾಥ "ನಮಸ್ಕಾರ" ಎಂದು ಹೊಡೆದ. ಯಂತ್ರ ಸಾಲು ಸಾಲಾಗಿ ಸಿಡುಕಿತು.

ಅಜ್ಜ ನಕ್ಕರು. "ನಮಸ್ಕಾರ ಅಂದ್ರ ಯಾರು, ನನಗ ಗೊತ್ತಿಲ್ಲ ಅಂತೈತಿ."

"ತಪ್ಪು ಹೇಳಿದ್ರ ಹಿಂಗ ಬೈತೈತೇನ್ರಿ?"

"ಅದಕ ತಿಳೀಲಾರದ ತಪ್ಪು ಹೇಳಿದ್ರ ಬೈತೈತಿ. ತಿಳಿಯೋ ತಪ್ಪು ಹೇಳಿದ್ರ ಮಾಡಿಬಿಡತೈತಿ."

ಕಲ್ಲಿನಾಥ ಕೀಲಿಗಳ ಮೇಲಿನ ಕೈ ಹಿಂದೆ ತೆಗೆದುಕೊಂಡ.

ಎಲ್ಲರಿಗೂ ಸುದ್ದಿ ಕಳಿಸುವ ಸಾಲನ್ನು ಅಜ್ಜ ಹೊಡೆಸಿದರು. ಬಾಣಗಳು ಹೋಗಿ ಆ ಜಾಗದಲ್ಲಿ ಮೂರು ಚುಕ್ಕೆ ಬಂದವು.

"ಇವು ಬಂದ್ರ ಮಾತು ಇನ್ನೂ ಮುಗಿದಿಲ್ಲ ಅಂತ. ಖಾಲಿ ಸಾಲಿನ ಮ್ಯಾಲ ಎಂಟರ್ ಒತ್ತಿದಿ ಅಂದ್ರ ಹೊಂಟಬಿಡತೈತಿ."

"ತಿರುಗಿ ಕರೆಯಾಕ ಬರಂಗಿಲ್ಲೇನ್ರಿ?"

"ಓಡೋದನ್ನ ನಿಲ್ಲಸಬಹುದು. ಕಂಟ್ರೋಲ್ ಹಿಡದು ಸಿ ಒತ್ತು. ಆದರ ಹೋದದ್ದು ಹೋತು."

ಅವತ್ತಿನಿಂದ ಆ ಮೂರು ಚುಕ್ಕೆ ಕಲ್ಲಿನಾಥನಿಗೆ ಊಟದ ತಾಟಿನಲ್ಲೂ ಕಾಣತೊಡಗಿದವು.

ಸಂಕ್ರಾಂತಿ ಕಳೆದ ಮೇಲೆ ಹೊಳೆಯ ಮರಳಿಗೆ ಕಲ್ಲಂಗಡಿ ಬೆಳೆಯುವವರು ಬಂದರು. ಬಳ್ಳಿ ಹಬ್ಬಿಸಿ, ನಡುವೆ ಗುಡಿಸಲು ಹಾಕಿಕೊಂಡು, ಮಕ್ಕಳುಮರಿ ಸಮೇತ ಅಲ್ಲೇ ಉಳಿದರು. ಅವರಲ್ಲಿ ಹುಲಿಗೆವ್ವ ಎಂಬವಳು ಆಗೀಗ ಮಠಕ್ಕೆ ಸೌತೆಕಾಯಿ ತಂದಿಡುತ್ತಿದ್ದಳು. ಕಲ್ಲಿನಾಥನನ್ನು ಕೆಣಕದೆ ಅವಳು ಮೆಟ್ಟಿಲು ಇಳಿದದ್ದಿಲ್ಲ.

"ಏನ್ ಸ್ವಾಮೇರ, ಇವತ್ತು ಬಾಯಿ ಐತೋ, ಅಪ್ಪಣಿ ಆಗೇತೋ?"

ಅವನು ಅಂಗಳ ಗುಡಿಸುತ್ತಿದ್ದ. ಅಂದರೆ ಅಪ್ಪಣೆ ಆಗಿತ್ತು. ಪೊರಕೆ ತೋರಿಸಿದ.

"ನಿಮ್ಮ ಪಂಚಿ ಕಥಿ ನಮ್ಮ ಗುಡಿಸಲದಾಗ ಹೇಳಿ ನಕ್ಕೋತ ಕುಂತಿದ್ವಿ," ಎಂದಳು. ಹೊರಡುವಾಗ ಮಾತ್ರ ನಗಲಿಲ್ಲ. "ಆದರ ಮಠದ ಫೋನ್ ಒಂದ ತಪ್ಪಸಬ್ಯಾಡ್ರಿ. ನಿಮ್ಮ ಮಾತು ನಂಬಿ ಕೂಸುಗಳನ್ನ ಹೊಳ್ಯಾಗ ಮಲಗಸೀವಿ."

ಬೇಸಿಗೆ ಏರಿ ಹಣ್ಣು ಬಲಿತವು. ಮೇಲುನಾಡಿನಲ್ಲಿ ಅಕಾಲದ ಮಳೆ ಹೊಡೆಯಿತು. ಒಂದು ಮಧ್ಯಾಹ್ನ ಡ್ಯಾಮಿನಿಂದ ಫೋನ್ ಬಂತು. ಅಜ್ಜ ಕೇಳಿಸಿಕೊಂಡು ಕೆಳಗಿಟ್ಟರು.

"ಗೇಟು ಎತ್ಯಾರ. ಕುಂದ್ರು. ಸುದ್ದಿ ಹಿಂಗ ಹೊಡಿ: ನೀರು ಬಿಟ್ಟಿದ್ದಾರೆ. ನೀರು ಸಂಜೆಗೆ ಬರುತ್ತದೆ. ಅಷ್ಟರೊಳಗೆ ಮೇಲೆ ಬನ್ನಿ."

ಕಲ್ಲಿನಾಥ ಕೈಯನ್ನು ತಲೆಗೆ ಮುಟ್ಟಿಸಿದ. "ಅಪ್ಪಣೆ."

ಆ ಮಾತು ಬಾಯಿಂದ ಬಿದ್ದ ಮೇಲೆಯೇ ಅವನಿಗೆ ನೆನಪಾದದ್ದು.

ನೀರು ಸಂಜೆಗೆ ಬರುವುದಿಲ್ಲ.

ಮೇಲೆ ಹೊಳೆಯ ದೊಡ್ಡ ತಿರುವನ್ನು ಕಡಿದು ನೇರ ಮಾಡಿದ್ದರು. ಹಿಂದಿನ ಸಲ ನೀರು ಬಿಟ್ಟಾಗ ಮರಳಿನಲ್ಲಿ ಯಾರೂ ಇರಲಿಲ್ಲ. ಅಜ್ಜ ಕಣ್ಣಿನ ಆಪರೇಷನ್ನಿಗೆ ಪೇಟೆಗೆ ಹೋಗಿದ್ದರು. ಡ್ಯಾಮಿನ ಫೋನ್ ಬಂದ ಮೇಲೆ ದಂಡೆಯ ಕಲ್ಲಿನ ಮೇಲೆ ಒದ್ದೆ ಪಂಚೆ ಹರವಿ ಕೂತಿದ್ದ ಕಲ್ಲಿನಾಥ ಒಬ್ಬನೇ ನೋಡಿದ್ದ. ಪಂಚೆ ಆರುವ ಮೊದಲೇ ನೀರು ಬಂದಿತ್ತು.

ಅಜ್ಜನ ಲೆಕ್ಕ ಸುಳ್ಳಲ್ಲ, ಹಳೆಯದು. ಹೋದ ವರ್ಷದ ಧಾರಣೆ ಹಿಡಿದು ಈ ವರ್ಷದ ಸಂತೆಗೆ ಹೋದ ಹಾಗೆ.

ಹೇಳಬೇಕು. ಆದರೆ ಅಪ್ಪಣೆ ಆಗಿದೆ. ಹೇಳಿದರೆ ರೂಢಿ ಮುರಿಯಿತು. ಅದೂ ಗುರುವಿಗೆ ತಪ್ಪು ತೋರಿಸಲಿಕ್ಕೆ. ಗುರುವಿಗೆ ತಿಳಿಯದ್ದು ತನಗೇನು ತಿಳಿದೀತು? ಹಿಂದಿನ ಸಲ ಬಿಸಿಲು ಕಡಿಮೆ ಇತ್ತೇನೋ, ಪಂಚೆ ತಡವಾಗಿ ಆರಿತೇನೋ.

ಹೀಗೆ ತನಗೆ ತಾನೇ ಸುಳ್ಳು ಒಪ್ಪಿಸುತ್ತ ಅವನು ಒಂದೊಂದೇ ಅಕ್ಷರ ಹೊಡೆದ.

ಮೂರು ಬಾಣ. ಸುದ್ದಿಯ ಸಾಲು. ಮೂರು ಬಾಣ. ಎಲ್ಲರಿಗೂ ಕಳಿಸುವ ಸಾಲು. ಮೂರು ಚುಕ್ಕೆ.

ಗೆರೆ ಮಿಟುಕುತ್ತಿತ್ತು.

"ಆತೇನು?" ಅಂದರು ಅಜ್ಜ.

ಅವನು ತಲೆಯಾಡಿಸಿದ. ಬೆವರು ಮೂಗಿನ ತುದಿಯಿಂದ ಕೀಲಿಗಳ ಮೇಲೆ ತೊಟ್ಟಿಕ್ಕಿತು.

"ಒತ್ತು ಮತ್ತ. ಕಾಯಾಕತ್ತೇತಲ್ಲ."

ಒತ್ತಿದ.

ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಬೀಳತೊಡಗಿದವು. ಹುಲಿಗೆವ್ವ: ಮುಟ್ಟಿತು. ಭೀಮರಾಯ: ಮುಟ್ಟಿತು. ಯಂತ್ರಕ್ಕೆ ಅನುಮಾನವಿಲ್ಲ, ಅವಸರವೂ ಇಲ್ಲ. ಹೇಳಿದ್ದನ್ನು ಹೇಳಿದಂತೆ, ಒಬ್ಬೊಬ್ಬರಿಗೇ, ಕಿವಿಗೆ ಬಾಯಿಟ್ಟು ಹೇಳುತ್ತಾ ಹೋಗುತ್ತಿತ್ತು. ಸಂಜೆಗೆ ಬರುತ್ತದೆ. ಸಂಜೆಗೆ ಬರುತ್ತದೆ.

ಮೂರನೆಯ ಹೆಸರು ಮೂಡುವಾಗ ಕಲ್ಲಿನಾಥನ ಕೈ ತಾನಾಗಿ ಎದ್ದಿತು. ಕಂಟ್ರೋಲ್ ಹಿಡಿದು ಸಿ ಒತ್ತಿದ.

ಹೆಸರುಗಳು ನಿಂತವು. ಮತ್ತೆ ಮೂರು ಬಾಣ.

"ಯಾಕ ನಿಲ್ಲಸಿದಿ?"

"ಸಂಜೀಗಲ್ರಿ ಅಜ್ಜಾರ!" ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ತಿರುವು ಕಡದಾರ್ರಿ. ಪಂಚಿ ಆರೂದರೊಳಗ ನೀರು ಬಂದಿತ್ರಿ. ನಾ ನೋಡೀನ್ರಿ. ಈಗ ಬರತೈತ್ರಿ, ಈಗ!"

ಅಜ್ಜನ ಮುಖದಲ್ಲಿ ಏನೋ ಒಂದು ಸರಿಯಿತು. ಏನೆಂದು ನೋಡುವ ಧೈರ್ಯ ಅವನಿಗಿರಲಿಲ್ಲ.

"ಹೊಡಿ," ಅಂದರು ಅಷ್ಟೇ.

"ಏನಂತ ಹೊಡೀಲ್ರಿ?"

"ನೋಡಿದಾಂವ ನೀನು."

ಹೊಡೆದ. ಅವಸರದಲ್ಲಿ ಸಾಲಿನ ಕೊನೆಯ ಉದ್ಧರಣ ಚಿಹ್ನೆ ಬಿಟ್ಟುಹೋಯಿತು. ಯಂತ್ರ ಸಿಡುಕಿತು. ಮತ್ತೆ ಹೊಡೆದ. ನೀರು ಈಗಲೇ ಬರುತ್ತಿದೆ. ಎಲ್ಲ ಬಿಟ್ಟು ಓಡಿ. ಚುಕ್ಕೆ ಬಂದವು. ಈ ಸಲ ಅವನು ಚುಕ್ಕೆಗಳನ್ನು ನೋಡಲಿಲ್ಲ.

ಹೆಸರುಗಳು ಬಿದ್ದವು. ಮುಟ್ಟಿತು. ಮುಟ್ಟಿತು. ಮುಟ್ಟಿತು. ಒಂದೇ ಒಂದು ಹೆಸರಿನ ಮುಂದೆ ಬೇರೆ ಮಾತು ಇತ್ತು.

ಹುಲಿಗೆವ್ವ: ಎತ್ತಲಿಲ್ಲ.

"ಓಡು," ಅಂದರು ಅಜ್ಜ.

ಅವನು ಅಪ್ಪಣೆ ಅನ್ನಲಿಲ್ಲ. ಓಡಿದ.

ಮೆಟ್ಟಿಲ ಮೇಲೆ ಜನ ಎದುರು ಬರುತ್ತಿದ್ದರು. ಹೆಗಲ ಮೇಲೆ ಕೂಸು, ಕಂಕುಳಲ್ಲಿ ಕೋಳಿ. ಯಾರೋ "ಸ್ವಾಮಿ, ಕೆಳಗ ಎಲ್ಲಿ ಹೊಂಟ್ರಿ!" ಎಂದು ಕೂಗಿದರು. ಮರಳು ಕಾಲನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಮೇಲಿನಿಂದ ತಣ್ಣನೆಯ ಗಾಳಿ ಬಂತು. ಅಂಥ ಬಿಸಿಲಲ್ಲಿ ಬರಬಾರದ ಗಾಳಿ. ಅದರಲ್ಲಿ ಕೆಸರಿನ ವಾಸನೆ.

ಹುಲಿಗೆವ್ವ ದೂರದ ತುದಿಯಲ್ಲಿ ಹಣ್ಣು ಕಿತ್ತು ಗುಡ್ಡೆ ಹಾಕುತ್ತಿದ್ದಳು. ಫೋನು ಗುಡಿಸಲಲ್ಲಿ ಕೂಗಿ ಕೂಗಿ ಸುಮ್ಮನಾಗಿತ್ತು. ಅವಳ ಪಕ್ಕದಲ್ಲೇ ಕೂಸು ಕಲ್ಲಂಗಡಿಯ ಹೋಳಿನಲ್ಲಿ ಮುಖ ಹುದುಗಿಸಿಕೊಂಡು ಕೂತಿತ್ತು.

"ಏಳವ್ವ! ನೀರು!"

"ಸಂಜೀತನಕ ಟೈಮ್ ಐತಲ್ಲ. ಅಷ್ಟರಾಗ ಇಷ್ಟು ಕಿತ್ತು ಮ್ಯಾಲ ಸಾಗಸತೀನಿ."

"ಯಾರ ಹೇಳಿದ್ರು ಸಂಜೀತನಕ?"

"ನಿಮ್ಮ ಮಠಾನ ಹೇಳೇತಿ!"

ಕಲ್ಲಿನಾಥ ಕಿರುಚಿದ.

"ಮಠ ತಪ್ಪು ಹೇಳೇತಿ!"

ಅವಳು ಅವನ ಮುಖ ನೋಡಿದಳು. ಕೈಯಲ್ಲಿದ್ದ ಹಣ್ಣನ್ನು ಬಿಟ್ಟಳು. ಅವನು ಕೂಸನ್ನು ಎತ್ತಿಕೊಂಡ. ಹಿಂದೆ ತಿರುಗದೆ ಇಬ್ಬರೂ ಓಡಿದರು.

ಕೊನೆಯ ಮೆಟ್ಟಿಲುಗಳ ಮೇಲೆ ಸದ್ದು ಅವರನ್ನು ಹಿಡಿಯಿತು. ಕಲ್ಲು ಒಡೆಯುವ ಮಷೀನಿನ ಗದ್ದಲ ಅದರ ಮುಂದೆ ಸೊಳ್ಳೆಯ ಗುಯ್ಗುಡುವಿಕೆ. ಮೇಲೆ ನಿಂತು ನೋಡಿದಾಗ ಗುಡಿಸಲು ಇರಲಿಲ್ಲ. ಕಂದು ನೀರಿನ ಮೇಲೆ ಕಲ್ಲಂಗಡಿಗಳು ಉರುಳುತ್ತ, ಮುಳುಗಿ ಏಳುತ್ತ, ಬೋಳು ತಲೆಗಳ ಹಾಗೆ ಹೋಗುತ್ತಿದ್ದವು.

ಹುಲಿಗೆವ್ವ ಕೂಸನ್ನು ಅವನ ಕೈಯಿಂದ ಕಸಿದುಕೊಂಡಳು. ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅಜ್ಜ ಪರದೆಯ ಮುಂದೆಯೇ ಕೂತಿದ್ದರು.

"ಎಲ್ಲಾರೂ ಮ್ಯಾಲ ಬಂದ್ರೇನು?"

"ಬಂದಾರ್ರಿ."

"ತಪ್ಪು ಐತಿ ಅಂತ ನಿನಗ ಯಾವಾಗ ತಿಳೀತು?"

ಕಲ್ಲಿನಾಥ ಕಾಲಿನ ಮರಳು ನೋಡುತ್ತ ಹೇಳಿದ. "ನೀವು ಹೇಳಿದಾಗನ ತಿಳೀತ್ರಿ."

"ಮತ್ತ?"

"ಅಪ್ಪಣಿ ಆಗಿತ್ರಿ. ನಿಮ್ಮ ಸಿಟ್ಟಿಗೆ ಹೆದರಿದ್ನಿರಿ."

ಈಗ ಬಂತು ಸಿಟ್ಟು ಎಂದು ಅವನು ಕಣ್ಣು ಮುಚ್ಚಿದ.

"ಕುಂದ್ರು," ಅಂದರು ಅಜ್ಜ. "ಆ ಸಾಲು ಹೊಡಿ. ಯಾರಿಗೂ ಕಳಸಬ್ಯಾಡ. ಬರೇ ಹೊಡಿ."

"ಯಾವ ಸಾಲ್ರಿ?"

"ನಾ ಹೇಳಿದ್ದು."

ಹೊಡೆದ. ನೀರು ಸಂಜೆಗೆ ಬರುತ್ತದೆ. ಎಂಟರ್ ಒತ್ತಿದ. ಯಂತ್ರ ಅದೇ ಮಾತನ್ನು ಕೆಳಗೆ ಬರೆದು, ಮತ್ತೆ ಮೂರು ಬಾಣ ತೋರಿಸಿ, ಕಾಯುತ್ತ ನಿಂತಿತು.

"ಏನಂತು?"

"ನೀವು ಹೇಳಿದ್ದನ್ನ ಅಂತ್ರಿ."

"ತಿರುವು ಕಡದಾರ ಅಂತೇನು?"

"ಇಲ್ರಿ."

"ಅದರಾಗ ಅದರ ತಪ್ಪು ಐತೇನು?"

"ಇಲ್ರಿ. ಹೇಳಿದ್ದನ್ನ ಹೇಳಿದಂಗ ಮಾಡೇತ್ರಿ."

ಅಜ್ಜ ಮಸಕು ಕಣ್ಣನ್ನು ಪರದೆಯಿಂದ ತೆಗೆದು ಅವನತ್ತ ತಿರುಗಿಸಿದರು.

"ಹೇಳಿದ್ದನ್ನ ಹೇಳಿದಂಗ ಮಾಡಾಕ ನನಗ ಇದು ಸಾಕು. ನಿನ್ನ ಯಾಕ ಇಟಗೊಂಡೀನಿ?"