ಅಕ್ಕನ ಕೂಗುಬಂಡೆ

ತುಂಗಭದ್ರೆಯ ತೆಂಕಣ ದಡದಲ್ಲಿ, ಕುಸಿದ ಕೋಟೆಗೋಡೆಯ ಬುಡದಿಂದ ಒಂದು ಕರಿಬಂಡೆ ಹೊಳೆಯೊಳಕ್ಕೆ ಚಾಚಿಕೊಂಡಿದೆ. ಅದರ ಮೇಲ್ಗಡೆ ಹರಿಗೋಲು ನಿಲ್ಲುವ ಕಡವು. ಕೆಳಗಡೆ ಬೇಸಿಗೆಯಲ್ಲೂ ನೀರು ಗಿರಗಿರನೆ ತಿರುಗುವ ಮಡು. ಬಂಡೆಗೆ ಅಕ್ಕನ ಕೂಗುಬಂಡೆ ಎಂದು ಹೆಸರು. ಕೋಟೆ ನೋಡಲು ಬಂದವರು ಅದರ ಮೇಲೆ ನಿಂತು ಒಮ್ಮೆ ಕೂಗಿ, ಮಾರ್ದನಿ ಬರುತ್ತದೇನೋ ಎಂದು ಕಿವಿಗೊಡುತ್ತಾರೆ. ಬರುವುದಿಲ್ಲ. ಇದೆಂಥ ಕೂಗುಬಂಡೆಯಪ್ಪಾ ಎಂದು ನಗುತ್ತಾ ಇಳಿಯುತ್ತಾರೆ. ನಗಲಿ ಪಾಪ, ಅವರಿಗೇನು ಗೊತ್ತು! ಊರಿನ ಹಿರಿಯರು ಮಾತ್ರ ಆ ಬಂಡೆಯ ಹತ್ತಿರ ನಗುವುದಿಲ್ಲ.

ಹಿಂದೆ ಒಮ್ಮೆ, ಕೋಟೆಯಲ್ಲಿ ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಈ ಕಡವಿನ ಅಂಬಿಗ ದುರುಗಪ್ಪನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳು ಹುಲಿಗೆವ್ವ, ಚಿಕ್ಕವಳು ಸುಂಕವ್ವ. ಗಂಡುಸಂತಾನವಿಲ್ಲ. ನೀರು ತಳ್ಳುವ ಹುಟ್ಟನ್ನು ಹೆಣ್ಣು ಮುಟ್ಟಿದರೆ ಹರಿಗೋಲು ಮಗುಚುತ್ತದೆ ಎಂದು ಅಂಬಿಗರ ನಂಬಿಕೆ. ಹೊಸ ನೀರು ಬಂದ ಮೇಲೆ ಗಂಗವ್ವನಿಗೆ ಬಾಗಿನ ಕೊಡುವ ತನಕ ಹೆಣ್ಣಿನ ಕೂಗು ಹೊಳೆಯ ಮೇಲೆ ಬೀಳಬಾರದು ಎಂಬುದು ಇನ್ನೊಂದು ಕಟ್ಟಳೆ. ಆದರೆ ಅಪ್ಪ ಉಂಡು ಮಲಗಿದ ಹೊತ್ತಿನಲ್ಲಿ ಈ ಅಕ್ಕತಂಗಿಯರು ಹರಿಗೋಲು ಬಿಚ್ಚಿಕೊಂಡು ಹೋಗುತ್ತಿದ್ದರು. ಹುಲಿಗೆವ್ವನಿಗೆ ಹುಟ್ಟು ಹಾಕುವುದು ಅಷ್ಟಿಷ್ಟು ಬರುತ್ತಿತ್ತು. ಸುಂಕವ್ವನಿಗೋ, ನೀರೇ ತವರುಮನೆ! ಬುಟ್ಟಿಯಂತೆ ತಿರುಗುವ ಹರಿಗೋಲನ್ನು ಅವಳು ನೂಲು ಹಿಡಿದಂತೆ ನೆಟ್ಟಗೆ ಒಯ್ಯುತ್ತಿದ್ದಳು. ಪಾಳೆಯಗಾರರ ಕಡೆಯಿಂದ ಮೇಲಾದ ಅಂಬಿಗನಿಗೆ ಬೆಳ್ಳಿಕಟ್ಟಿನ ಹುಟ್ಟು ಕೊಡುವ ವಾಡಿಕೆಯಿತ್ತು. "ಅಕ್ಕಾ, ಅದು ನಂದು. ಇವತ್ತಲ್ಲ ನಾಳೆ ಈ ಕಡವು ನಾನೇ ನಡಸ್ತೀನಿ, ನೋಡ್ತಿರು" ಎನ್ನುತ್ತಿದ್ದಳು ಸುಂಕವ್ವ. ಹುಲಿಗೆವ್ವ ಬಾಯಲ್ಲಿ "ಸಾಕು ಬಿಡವ್ವ, ಹುಚ್ಚಿ" ಎಂದರೂ, ಒಳಗೊಳಗೇ ಆ ಹುಟ್ಟು ತಂಗಿಯ ಕೈಯಲ್ಲಿ ಹೊಳೆಯುವುದನ್ನು ತನ್ನ ಮದುವೆಗಿಂತ ಹೆಚ್ಚು ಆಸೆಯಿಂದ ಕಾಯುತ್ತಿದ್ದಳು.

ಒಂದು ಆಷಾಢದಲ್ಲಿ ಉತ್ತರದಿಂದ ದಂಡು ಬಂತು. ಊರೂರು ಸುಡುತ್ತಾ ಬಂದ ದಂಡಿಗೆ ಹೆದರಿ ಆಚೆಯ ಹಟ್ಟಿಯ ಹೆಂಗಸರು, ಮಕ್ಕಳು, ಮುದುಕರು ಹೊಳೆದಂಡೆಗೆ ಓಡಿಬಂದು ನಿಂತರು. ಹೊಳೆ ದಡ ಮೀರಿತ್ತು. ಅಂಬಿಗರ ಗಂಡಸರೆಲ್ಲ ಕೋಟೆ ಕಾಯಲು ಮೇಲೆ ಹೋಗಿದ್ದರು. ದುರುಗಪ್ಪ ಬಲಗೈಗೆ ಬಾಣ ನಾಟಿಸಿಕೊಂಡು ಮನೆಯಲ್ಲಿ ನರಳುತ್ತಾ ಬಿದ್ದಿದ್ದ. ಸುಂಕವ್ವ ಅಪ್ಪನ ರುಮಾಲಿನೊಳಗೆ ತುರುಬು ತುರುಕಿ, ಕಾಸೆ ಕಟ್ಟಿ ಹೊರಟಳು. ಜಡಿಮಳೆಗೆ ದಡ ಎಲ್ಲಿ, ಮಡು ಎಲ್ಲಿ ಎಂಬುದು ಕಾಣುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಬಂಡೆಯ ಮೇಲೊಬ್ಬ ನಿಂತು ಕೂಗುತ್ತಿರಬೇಕು, ಆ ಕೂಗಿನ ಮೇಲ್ಗಡೆಗೆ ಅಂಬಿಗ ಹರಿಗೋಲು ಹೊರಳಿಸಬೇಕು; ಕಡವಿನ ಪದ್ಧತಿಯೇ ಅದು. ಹುಲಿಗೆವ್ವ ತಲೆತುಂಬ ಕಂಬಳಿ ಹೊದ್ದು ಬಂಡೆಯ ಮೇಲೆ ನಿಂತಳು. ಗಂಟಲು ದಪ್ಪ ಮಾಡಿಕೊಂಡು ಗಂಡಸಿನಂತೆ "ಈ ಕಡೇ! ಈ ಕಡೇ!" ಎಂದು ಕೂಗಿದಳು. ಮೊದಲ ಸಲ ತಾಯಂದಿರೂ ಕೂಸುಗಳೂ ಇಳಿದರು. ಎರಡನೆಯ ಸಲ ಉಳಿದವರೂ ಬಂದರು, ನಡೆಯಲಾರದೆ ಹಿಂದೆ ಬಿದ್ದಿದ್ದ ಕರಿಯವ್ವ ಎಂಬ ಒಬ್ಬ ಮುದುಕಿಯ ಹೊರತು. "ಮುದುಕೀನ ಬಿಟ್ಟು ಬರೋದುಂಟೇನಕ್ಕಾ?" ಎಂದು ಸುಂಕವ್ವ ನಿಂತ ಕಾಲಲ್ಲೇ ತಿರುಗಿ ಹೋದಳು.

ಅಷ್ಟರಲ್ಲಿ ದಳವಾಯಿಯು ಈ ಗಟ್ಟಿಗ ಅಂಬಿಗ ಯಾರೆಂದು ನೋಡಲು ಕೋಟೆಯಿಂದ ಇಳಿದುಬಂದ. ಗಾಳಿ ಹುಲಿಗೆವ್ವನ ಕಂಬಳಿ ಹಾರಿಸಿತು, ಜಡೆ ಬಿಚ್ಚಿಬಿತ್ತು. "ಯಾರವ್ವ ನೀನು! ಬಾಗಿನ ಆಗಿಲ್ಲ, ಹೊಳೆ ಮುಂದೆ ಬಾಯಿ ತೆಗೀತೀಯಾ? ಊರು ಮುಳುಗಿಸಬೇಕಂತ ಮಾಡಿಯೇನು?" ಎಂದು ಗದರಿದ. "ಆ ಹರಿಗೋಲಿನಾಗ ಇರೋದು ನನ್ನ ತಮ್ಮ, ಧಣಿ. ಕೂಗದಿದ್ರ ದಡ ತಿಳಿಯಂಗಿಲ್ಲ" ಎಂದಳು ಹುಲಿಗೆವ್ವ. ದಳವಾಯಿ ಮೀಸೆ ತೀಡಿ ನಕ್ಕ. "ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅಂತ ಸುಮ್ನೆ ಹೇಳ್ತಾರೇನು? ಎರಡು ಸಲ ಈ ಹೊಳೆ ಗೆದ್ದ ಗಂಡಿಗೆ ನಿನ್ನ ಕೂಗು ಯಾಕೆ? ದಡ ಮುಟ್ಟಲಿ, ಬೆಳ್ಳಿಕಟ್ಟಿನ ಹುಟ್ಟು ಅವನಿಗೇ. ನೀನು ಬಾಯಿ ಮುಚ್ಚು."

ಬೆಳ್ಳಿಕಟ್ಟಿನ ಹುಟ್ಟು! ಹುಲಿಗೆವ್ವ ಹೊಳೆಯತ್ತ ನೋಡಿದಳು. ಹುಟ್ಟು ಹಿಡಿದವಳು ಹೆಣ್ಣು ಎಂದು ಈಗಲೇ ಬಾಯಿಬಿಟ್ಟರೆ ಬೆಳ್ಳಿ ಹೋಗಲಿ, ತಂಗಿಗೆ ಇನ್ನು ಹೊಳೆಯ ದಾರಿಯೇ ಮುಚ್ಚೀತು. ಹಟ ಹಿಡಿದು ಕೂಗಿದರೆ ಗುಟ್ಟು ರಟ್ಟಾದೀತು. ಒಂದು ಗಳಿಗೆ ತಡೆದುಕೊಂಡರೆ, ಎಲ್ಲರೆದುರು ಹುಟ್ಟು ಕೈಗೆ ಬಂದ ಮೇಲೆ, ರುಮಾಲು ತೆಗೆದು ತೋರಿಸಿದರಾಯಿತು. ಕೊಟ್ಟ ಮಾತನ್ನು ದಳವಾಯಿ ಹೇಗೆ ತಾನೆ ನುಂಗಿಯಾನು? ಸುಂಕಿ ಜಾಣೆ, ದಾರಿ ಬಲ್ಲಳು. ಹೀಗೆಂದುಕೊಂಡು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಮಾತು ಆಡಿದರೆ ಹೋಯ್ತು ಎನ್ನುತ್ತಾರೆ. ಆಡದೆಯೂ ಹೋಗುತ್ತದೆ, ಶಿವನೇ!

ಮಳೆಯೊಳಗಿಂದ ಒಂದು ದನಿ ಬಂತು. "ಅಕ್ಕಾ! ಎಲ್ಲಿದ್ದೀಯೇ? ಕೂಗೇ!" ಗಂಡುದನಿಯಲ್ಲ, ಹದಿಹರೆಯದ ಹುಡುಗಿಯ ತೆಳ್ಳನೆಯ ದನಿ. ದಳವಾಯಿ ಕಲ್ಲಾಗಿ ನಿಂತ. ಹುಲಿಗೆವ್ವ ಸೆರಗು ಕಿತ್ತೆಸೆದು ಕರುಳು ಹರಿಯುವಂತೆ "ಈ ಕಡೇ, ಸುಂಕೀ! ಈ ಕಡೇ!" ಎಂದು ಕೂಗಿದಳು. ಆಗಲೇ ಹರಿಗೋಲು ಬಂಡೆಯ ಕೆಳಗೆ ಸರಿದುಹೋಗಿತ್ತು. ಮಡು ಅದನ್ನು ತಿರುಗಿಸಿ ತಿರುಗಿಸಿ ಮಗುಚಿತು.

ಮುದುಕಿ ಕರಿಯವ್ವ ಹರಿಗೋಲಿನ ಬಿದಿರಿಗೆ ಕಚ್ಚಿಕೊಂಡು ಕೆಳಗಿನ ಊರಿನಲ್ಲಿ ದಡ ಸೇರಿ ಬದುಕಿದಳು. ಸುಂಕವ್ವ ಸಿಗಲಿಲ್ಲ. "ಆಕಿಗೆ ಶಕ್ತಿ ಇತ್ತವ್ವಾ, ಇನ್ನೂ ಹುಟ್ಟು ಹಾಕಬಹುದಿತ್ತು" ಎಂದು ಮುದುಕಿ ಹುಲಿಗೆವ್ವನ ಕೈ ಹಿಡಿದು ಅತ್ತಳಂತೆ. "ಆದ್ರ ಹಾಕಲಿಲ್ಲ. ನೀರಿನ ಸದ್ದಿನಾಗ ಅಕ್ಕನ ಕೂಗು ಕೇಳಂಗಿಲ್ಲ ಅಂತ ಹುಟ್ಟು ಮ್ಯಾಲೆತ್ತಿ ಹಿಡಕೊಂಡು ಕಿವಿಗೊಟ್ಟು ಕುಂತಿದ್ಳು." ದಳವಾಯಿ ಕೊಟ್ಟ ಮಾತು ತಪ್ಪಲಿಲ್ಲ, ತಲೆ ತಗ್ಗಿಸಿಕೊಂಡು ಬೆಳ್ಳಿಕಟ್ಟಿನ ಹುಟ್ಟನ್ನು ತಾನೇ ಹೊತ್ತು ತಂದ. ಹುಲಿಗೆವ್ವ ಅದನ್ನು ಮನೆಯೊಳಗೆ ತರಗೊಡಲಿಲ್ಲ, ಮಡುವಿಗೆ ಹಾಕಿದಳು. "ತಗೊಳ್ಳೇ ಸುಂಕೀ, ನಿಂದು" ಎಂದಳು. ಅವಳು ಮದುವೆಯಾಗಲಿಲ್ಲ. ಮಳೆಗಾಲ ಬಂತೆಂದರೆ ಬಂಡೆಯ ಮೇಲೆ ನಿಂತು "ಈ ಕಡೇ" ಎಂದು ಕೂಗುತ್ತಿದ್ದಳು, ತಲೆ ನರೆತ ಮೇಲೂ ಕೂಗುತ್ತಿದ್ದಳು ಎನ್ನುತ್ತಾರೆ. ಬೇಡ ಎನ್ನುವ ಧೈರ್ಯ ಮತ್ತೆ ಯಾವ ದಳವಾಯಿಗೂ ಬರಲಿಲ್ಲ.

ಕೋಟೆ ಹೋಯಿತು, ದಳವಾಯಿಯ ಹೆಸರೂ ಯಾರಿಗೂ ನೆನಪಿಲ್ಲ. ಕಡವಿನಲ್ಲಿ ಹರಿಗೋಲು ಮಾತ್ರ ಇನ್ನೂ ಆಡುತ್ತದೆ. ಆಚೆ ದಡದಿಂದ ಹೊರಡುವ ಅಂಬಿಗ ಇಂದಿಗೂ ಹುಟ್ಟು ನೀರಿಗೆ ಹಾಕದೆ ಕಾಯುತ್ತಾನೆ. ಈಚೆ ದಡದಲ್ಲಿ ಬಟ್ಟೆ ಒಗೆಯುವವಳೋ, ಶಾಲೆಗೆ ಹೊರಟ ಹುಡುಗಿಯೋ, ಯಾರಾದರೊಬ್ಬ ಹೆಣ್ಣುಮಗಳು ಬಂಡೆ ಹತ್ತಿ "ಈ ಕಡೇ" ಎಂದು ಕೂಗಬೇಕು. ಬಿಸಿಲು ಬೆಳ್ಳಗೆ ಬಿದ್ದಿರುವಾಗ ಇದೇನು ಆಟವಪ್ಪಾ, ದಡ ಕಣ್ಣೆದುರಿಗೇ ಕಾಣುತ್ತಿದೆಯಲ್ಲ ಎಂದು ಪರಸ್ಥಳದವರು ಕೇಳುವುದುಂಟು. ಅಂಬಿಗ ಹುಟ್ಟನ್ನು ಮೇಲೆತ್ತಿ ಹಿಡಿದುಕೊಂಡೇ ಹೇಳುತ್ತಾನೆ: "ದಡ ಕಾಣ್ತೈತ್ರಿ. ಅಕ್ಕ ಇನ್ನೂ ಕೂಗಿಲ್ಲ."